ಬಿದಿರಿನ ಉಸಿರು, ತಿದಿಯ ದನಿ

ಜಪಾನಿನ ಶಾಕುಹಾಚಿ ಬಿದಿರಿನ ಕೊಳಲು. ಬಿದಿರಿನ ಬುಡದ ಗಂಟುಗಳನ್ನು ಹಾಗೆಯೇ ಉಳಿಸಿಕೊಂಡು ಮಾಡಿದ, ನೆಟ್ಟಗೆ ಹಿಡಿದು ಊದುವ ವಾದ್ಯ. ಅದರ ಅಳತೆ ಅದರ ಹೆಸರಿನಲ್ಲೇ ಇದೆ. ಒಂದು ಶಾಕು, ಎಂಟು ಸುನ್. ನಮ್ಮ ಲೆಕ್ಕದಲ್ಲಿ ಸುಮಾರು 54.5 ಸೆಂಟಿಮೀಟರು. ಐರ್ಲೆಂಡಿನ ಕೊಳಲು ಮರದ್ದು, ನಮ್ಮ ಕೊಳಲಿನಂತೆ ಅಡ್ಡ ಹಿಡಿದು ನುಡಿಸುವಂಥದು. ಒಂದು ಬೌದ್ಧ ಸನ್ಯಾಸಿಗಳ ಕೈಯಲ್ಲಿ ಬೆಳೆದದ್ದು, ಇನ್ನೊಂದು ಹಳ್ಳಿಗರ ಕುಣಿತದ ಕೂಟಗಳಲ್ಲಿ. ಇವೆರಡರ ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ ಊದಿದರೆ ಹೊರಡುವ ಸ್ವರ ಮಾತ್ರ ಒಂದೇ. ಪಾಶ್ಚಾತ್ಯ ಸಂಗೀತದವರು ಅದನ್ನು 'ಡಿ' ಎನ್ನುತ್ತಾರೆ. ಐರಿಷರ ತಗಡಿನ ಪುಟ್ಟ ಕೊಳಲಿಗೂ ಅದೇ ಮೂಲಸ್ವರ, ಒಂದು ಸ್ಥಾಯಿ ಮೇಲೆ. ತಿದಿಯಿಂದ ಗಾಳಿ ತುಂಬಿಸಿ ನುಡಿಸುವ ಅವರ ಇಲ್ಲನ್ ಪೈಪಿಗೂ ಅದೇ.

ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. ಭೂಮಿಯ ಎರಡು ತುದಿಗಳ ಎರಡು ದ್ವೀಪಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದೆ ನಡೆದ ಆಕಸ್ಮಿಕ. ಕಛೇರಿಗೆ ಕೂತವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎನ್ನಿಸಬಹುದು.

ಆದರೆ ಶ್ರುತಿ ಸೇರಿದ ಮಾತ್ರಕ್ಕೆ ಹಾಡು ಸೇರುವುದಿಲ್ಲ. ಶಾಕುಹಾಚಿಯ ಐದು ತೂತುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಕೇಳಿಸುವುದು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳು. ಐರಿಷ್ ಕೊಳಲಿನ ಆರು ತೂತುಗಳನ್ನು ಹಾಗೆಯೇ ತೆರೆದರೆ ಶಂಕರಾಭರಣದ ಸ್ವರಗಳು. ಷಡ್ಜ, ಮಧ್ಯಮ, ಪಂಚಮ ಇಬ್ಬರಿಗೂ ಸಮಾನ. ಗಾಂಧಾರ, ನಿಷಾದಗಳಲ್ಲಿ ಜಗಳ. ಅಲ್ಲಿ ಒಬ್ಬ ತೂತನ್ನು ಅರ್ಧ ಮುಚ್ಚಬೇಕು, ಇಲ್ಲವೇ ಇನ್ನೊಬ್ಬ ಗದ್ದ ತಗ್ಗಿಸಿ ಉಸಿರಿನ ಕೋನ ಬದಲಿಸಿ ಸ್ವರವನ್ನು ಇಳಿಸಬೇಕು. ಯಾರು ಎಷ್ಟು ಬಗ್ಗಬೇಕು? ಜಪಾನ್ ಮತ್ತು ಐರ್ಲೆಂಡ್‌ಗಳ ಸಂಗೀತ ಮೊದಲ ಬಾರಿ ಎದುರಾಗಿ 150 ವರ್ಷಗಳೇ ಕಳೆದಿವೆ. ಆ ಕತೆಯುದ್ದಕ್ಕೂ ಕಾಡುವುದು ಈ ಪ್ರಶ್ನೆಯೇ.

ಹೊಂದದ ಧಾಟಿ

ಕತೆ ಶುರುವಾಗುವುದು ಒಂದು ವೈಫಲ್ಯದಿಂದ. 1869ರಲ್ಲಿ ಯೊಕೊಹಾಮಾ ಬಂದರಿನ ಮ್ಯೋಕೋಜಿ ಎಂಬ ಬೌದ್ಧ ದೇವಾಲಯದಲ್ಲಿ ಸುಮಾರು 30 ಮಂದಿ ತರುಣರು ಬ್ಯಾಂಡ್ ಕಲಿಯತೊಡಗಿದರು. ಎಲ್ಲರೂ ದಕ್ಷಿಣದ ಸತ್ಸುಮಾ ಸಂಸ್ಥಾನದವರು. ಕೇವಲ ಆರು ವರ್ಷ ಹಿಂದೆ, 1863ರಲ್ಲಿ, ಬ್ರಿಟಿಷ್ ನೌಕಾಪಡೆ ಅವರ ಕಾಗೋಶಿಮಾ ಪಟ್ಟಣದ ಮೇಲೆ ಗುಂಡಿನ ಮಳೆಗರೆದಿತ್ತು. ಈಗ ಅದೇ ಬ್ರಿಟಿಷ್ ಸೈನ್ಯದ 10ನೇ ಪದಾತಿ ದಳದ ಬ್ಯಾಂಡ್ ಮಾಸ್ಟರ್ ಅವರಿಗೆ ಗುರು. ಈತನ ಹೆಸರು ಜಾನ್ ವಿಲಿಯಂ ಫೆಂಟನ್. ಹುಟ್ಟೂರು ಐರ್ಲೆಂಡಿನ ದಕ್ಷಿಣ ತೀರದ ಕಿನ್‌ಸೇಲ್.

ಜಪಾನಿಗೆ ಒಂದು ರಾಷ್ಟ್ರಗೀತೆ ಬೇಕು ಎಂದು ಒತ್ತಾಯಿಸಿದವನು ಈ ಫೆಂಟನ್. ಸತ್ಸುಮಾದ ಸೇನಾಧಿಕಾರಿ ಓಯಾಮಾ ಇವಾವೊ ಅದಕ್ಕೆ ಸಾಹಿತ್ಯ ಆರಿಸಿಕೊಟ್ಟ. ಅದು ಹತ್ತನೆಯ ಶತಮಾನದ ಸಂಕಲನವೊಂದರ ಹಳೆಯ ಪದ್ಯ. ಓಯಾಮಾನಿಗೆ ಅದು ಪರಿಚಿತವಾಗಿದ್ದುದು ಗ್ರಂಥದಿಂದಲ್ಲ, ಸತ್ಸುಮಾದ ಬಿವಾ ವಾದಕರ ಹಾಡಿನಿಂದ. ಬಿವಾ ಎಂದರೆ ಹೊಟ್ಟೆ ಉಬ್ಬಿದ, ಕುತ್ತಿಗೆ ಗಿಡ್ಡನೆಯ ತಂತಿವಾದ್ಯ. ಬೀಸಣಿಗೆಯಷ್ಟು ಅಗಲದ ಮರದ ಮೀಟುಗೋಲಿನಿಂದ ಅದನ್ನು ಬಾರಿಸುತ್ತ ಯುದ್ಧದ ಕತೆಗಳನ್ನು ಹಾಡುವುದು ಅಲ್ಲಿನ ಸಂಪ್ರದಾಯ.

1870ರಲ್ಲಿ ಫೆಂಟನ್‌ನ ಧಾಟಿಯಲ್ಲಿ 'ಕಿಮಿಗಾಯೊ' ಚಕ್ರವರ್ತಿಯ ಮುಂದೆ ನುಡಿಯಿತು. ಲಂಡನ್ನಿನಿಂದ ತರಿಸಿದ ಹೊಳೆಯುವ ಹಿತ್ತಾಳೆಯ ವಾದ್ಯಗಳು, ಬಿವಾದಿಂದ ಬಂದ ಮಾತುಗಳು. ಆದರೆ ಎರಡೂ ಒಂದನ್ನೊಂದು ಮುಟ್ಟಲಿಲ್ಲ. ಇಗರ್ಜಿಯ ಪ್ರಾರ್ಥನೆಯಂತೆ ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ ಇಟ್ಟ ಆ ಧಾಟಿಯಲ್ಲಿ ಜಪಾನಿ ಮಾತಿನ ಏರಿಳಿತ ಕಳೆದುಹೋಯಿತು. 1876ರಲ್ಲಿ ನೌಕಾಪಡೆಯ ಬ್ಯಾಂಡಿನ ನಾಯಕ ನಾಕಾಮುರಾ ಸುಕೆತ್ಸುನೆ ಈ ಧಾಟಿ ಬದಲಾಗಬೇಕೆಂದು ಅರ್ಜಿ ಸಲ್ಲಿಸಿದ. 1880ರಲ್ಲಿ ಅರಮನೆಯ ಗಗಾಕು ಸಂಗೀತಗಾರರು ತಮ್ಮ ಪ್ರಾಚೀನ ಸ್ವರಕ್ರಮದಲ್ಲೇ ಹೊಸ ಧಾಟಿ ಕಟ್ಟಿದರು. ಫ್ರಾನ್ಸ್ ಎಕರ್ಟ್ ಎಂಬ ಜರ್ಮನ್ ಸಂಗೀತಗಾರ ಅದನ್ನು ಬ್ಯಾಂಡಿಗೆ ಹೊಂದಿಸಿಕೊಟ್ಟ. ಇಂದಿಗೂ ಉಳಿದಿರುವುದು ಅದೇ.

ಫೆಂಟನ್‌ನನ್ನು ಐರಿಷ್ ಸಂಗೀತದ ಪ್ರತಿನಿಧಿ ಎನ್ನುವುದು ಸರಿಯಾಗಲಾರದು. ಹುಟ್ಟಿದ ನೆಲ ಐರ್ಲೆಂಡ್, ತೊಟ್ಟ ಅಂಗಿ ಬ್ರಿಟಿಷ್ ಸೈನ್ಯದ್ದು, ಬರೆದ ಸಂಗೀತ ಇಂಗ್ಲಿಷ್ ಪ್ರಾರ್ಥನೆಯ ಮಾದರಿಯದು. ಆದರೂ ಅವನ ಸೋಲು ಗಮನಾರ್ಹ. ಸತ್ಸುಮಾದ ಬಿವಾ ಅವನಿಗೆ ಮಾತು ಕೊಟ್ಟಿತು. ಅವನು ಅದಕ್ಕೆ ಕೂರಲು ಜಾಗ ಕೊಡಲಿಲ್ಲ.

ಇಲ್ಲೊಂದು ಮಾತು ನೆನಪಾಗದೆ ಇರದು. ನಮ್ಮ ರಾಷ್ಟ್ರಗೀತೆಯ ಕತೆಯಲ್ಲೂ ಐರ್ಲೆಂಡಿನ ಒಬ್ಬರಿದ್ದಾರೆ. ಆಂಧ್ರದ ಮದನಪಲ್ಲಿಯಲ್ಲಿ 1919ರಲ್ಲಿ ರವೀಂದ್ರನಾಥ ಠಾಕೂರರು 'ಜನಗಣಮನ' ಹಾಡಿದಾಗ ಅದಕ್ಕೆ ಸ್ವರಲಿಪಿ ಬರೆದವರು ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್. ಅವರು ಧಾಟಿಯನ್ನು ಹೊರಗಿನಿಂದ ತರಲಿಲ್ಲ. ಕವಿಯ ಬಾಯಿಂದ ಬಂದದ್ದನ್ನು ಬರೆದಿಟ್ಟರು. ಆ ಧಾಟಿ ನಿಂತಿತು.

ಕುರುಡರ ಕೈಯಲ್ಲಿದ್ದ ಸಂಗೀತ

ಫೆಂಟನ್‌ನ ಬ್ಯಾಂಡ್ ಜಪಾನಿನಲ್ಲಿ ಮೊಳಗುತ್ತಿದ್ದ ದಿನಗಳಲ್ಲೇ ಇನ್ನೊಂದು ಸಂಗತಿ ನಡೆಯುತ್ತಿತ್ತು. 1871ರಲ್ಲಿ ಹೊಸ ಮೇಯ್ಜಿ ಸರ್ಕಾರ ಎರಡು ಹಳೆಯ ವ್ಯವಸ್ಥೆಗಳನ್ನು ರದ್ದುಮಾಡಿತು. ಒಂದು, ಫುಕೆ ಪಂಥ. ತಲೆಯ ಮೇಲೆ ಬುಟ್ಟಿಯಂಥ ಟೊಪ್ಪಿಗೆಯನ್ನು ಮುಖ ಮುಚ್ಚುವಂತೆ ಹೊತ್ತು, ಶಾಕುಹಾಚಿ ಊದುತ್ತ ಭಿಕ್ಷೆ ಬೇಡುತ್ತಿದ್ದ ಸನ್ಯಾಸಿಗಳ ಪಂಥ ಅದು. ಅವರಿಗೆ ಊದುವುದು ಸಂಗೀತವಲ್ಲ, ಧ್ಯಾನ. ಎರಡು, ಕುರುಡು ಸಂಗೀತಗಾರರ ಸಂಘ. ಶತಮಾನಗಳ ಕಾಲ ಬಿವಾ, ಕೋಟೊ, ಶಾಮಿಸೆನ್ ವಾದ್ಯಗಳ ಪಾಠ ಈ ಸಂಘದ ಹಿಡಿತದಲ್ಲಿತ್ತು. ಕೋಟೊ ಸಂಗೀತಕ್ಕೆ ಇಂದಿನ ರೂಪ ಕೊಟ್ಟ 17ನೇ ಶತಮಾನದ ಯಾತ್ಸುಹಾಶಿ ಕೆಂಗ್ಯೋ ಕುರುಡ. ಹೈಕೆ ವಂಶದ ಪತನದ ಕತೆಯನ್ನು ಊರೂರಿಗೆ ಹಾಡಿಕೊಂಡು ಹೋದ ಬಿವಾ ಹೋಶಿಗಳು ಕುರುಡರು. ಹಿತ್ತಾಳೆಯ ತುತ್ತೂರಿಗೆ ಸರ್ಕಾರದ ಮನ್ನಣೆ ಸಿಕ್ಕುತ್ತಿದ್ದಾಗ ಬಿದಿರಿಗೂ ಬಿವಾಕ್ಕೂ ಆಸರೆ ತಪ್ಪುತ್ತಿತ್ತು.

ಐರ್ಲೆಂಡಿನ ಕತೆ ಇದಕ್ಕಿಂತ ಹಳೆಯದು, ಇದರಂಥದೇ. ಅಲ್ಲಿನ ಪ್ರತಿಷ್ಠಿತ ವಾದ್ಯ ಲೋಹದ ತಂತಿಯ ಹಾರ್ಪ್. ಅದನ್ನು ನುಡಿಸುತ್ತ ದೊರೆಗಳ ಮನೆಯಿಂದ ಮನೆಗೆ ಅಲೆಯುತ್ತಿದ್ದವರಲ್ಲಿ ಹಲವರು ಕುರುಡರು. ಅವರಲ್ಲಿ ಪ್ರಸಿದ್ಧನಾದ ಟರ್ಲೋ ಓಕ್ಯಾರಲನ್ (1670-1738) ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಇಂಗ್ಲಿಷರ ಆಳ್ವಿಕೆ ಗಟ್ಟಿಯಾದಂತೆ ಹಳೆಯ ಗೇಲಿಕ್ ಮನೆತನಗಳು ಅಳಿದವು. ಹಾರ್ಪ್ ವಾದಕರಿಗೆ ಬಾಗಿಲು ತೆರೆಯುವವರಿಲ್ಲದಾಯಿತು. 1792ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಅಳಿದುಳಿದವರನ್ನೆಲ್ಲ ಕರೆದು ಉತ್ಸವ ನಡೆಸಿದಾಗ ಬಂದ ಐರಿಷ್ ವಾದಕರು ಬರೀ ಹತ್ತು ಮಂದಿ. ಅವರಲ್ಲಿ ತೊಂಬತ್ತು ದಾಟಿದ ಡೆನಿಸ್ ಹೆಂಪ್ಸನ್ ಒಬ್ಬನೇ ಹಳೆಯ ಪದ್ಧತಿಯಂತೆ ಉದ್ದ ಉಗುರುಗಳಿಂದ ತಂತಿ ಮೀಟಿದ. ಹತ್ತೊಂಬತ್ತು ವರ್ಷದ ಎಡ್ವರ್ಡ್ ಬಂಟಿಂಗ್ ಅವರ ಧಾಟಿಗಳನ್ನು ಬರೆದುಕೊಳ್ಳುತ್ತ ಕೂತಿದ್ದ. ಅವನಿಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಅಂದೇ ಹೋಗಿಬಿಡುತ್ತಿದ್ದವು.

ಅಂದರೆ ಮುಂದೆ ಒಂದೇ ವೇದಿಕೆಯಲ್ಲಿ ಕೂತ ಈ ವಾದ್ಯಗಳು ತಂತಮ್ಮ ಮನೆಯಲ್ಲೇ ಒಮ್ಮೆ ಬೇಡವಾದವು. ಈ ಕತೆ ಬರೀ ಕುತೂಹಲದ್ದಲ್ಲ ಎನ್ನುವುದು ಅದಕ್ಕೇ.

ಈ ನಡುವೆ ಐರಿಷ್ ಧಾಟಿಗಳು ಮಾತ್ರ ಜಪಾನಿಗೆ ಹೋಗಿ ಸೇರಿದ್ದವು, ವಾದ್ಯಗಳಿಲ್ಲದೆ. ಶಾಲೆಗಳಲ್ಲಿ ಹಾಡು ಕಲಿಸಲು ಇಜಾವಾ ಶೂಜಿ ಎಂಬ ಅಧಿಕಾರಿ ಬಾಸ್ಟನ್ನಿನ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್‌ನನ್ನು 1880ರಲ್ಲಿ ಕರೆಸಿಕೊಂಡಿದ್ದ. ಅವರು ಹೊರತಂದ ಶಾಲಾ ಹಾಡುಗಳ ಪುಸ್ತಕದ ಮೂರನೆಯ ಭಾಗದಲ್ಲಿ (1884) ಸೇವಂತಿಗೆಯ ಮೇಲಿನ ಒಂದು ಹಾಡಿದೆ. ಅದರ ಧಾಟಿ, ಥಾಮಸ್ ಮೂರ್ ಬೇಸಿಗೆಯ ಕೊನೆಯ ಗುಲಾಬಿಯ ಬಗ್ಗೆ ಪದ್ಯ ಬರೆದು ಹೊಂದಿಸಿದ ಐರಿಷ್ ಧಾಟಿಯೇ. ಸ್ಕಾಟ್ಲೆಂಡಿನ ವಿದಾಯದ ಹಾಡೊಂದು ಅದಕ್ಕೂ ಮೊದಲು ಮಿಣುಕುಹುಳುಗಳ ಹಾಡಾಗಿ ಬಂದಿತ್ತು. ಜಪಾನಿನ ಮಕ್ಕಳು ಶಾಲೆ ಮುಗಿಸಿ ಹೊರಡುವಾಗ ಹಾಡುತ್ತ ಬಂದದ್ದು ಅದನ್ನೇ. ಈ ಎರಡನೆಯದು ಅಷ್ಟು ಬೇಗ ಒಗ್ಗಿಕೊಂಡದ್ದಕ್ಕೆ ಕಾರಣ ಸರಳ: ಅದು ಐದೇ ಸ್ವರಗಳ ಧಾಟಿ, ನಮ್ಮ ಮೋಹನದ ಸ್ವರಗಳು. ನಾಲ್ಕನೆಯ, ಏಳನೆಯ ಸ್ವರಗಳನ್ನು ಬಿಟ್ಟ ಆ ಮೇಳಕ್ಕೆ ಜಪಾನೀಯರೇ ಒಂದು ಹೆಸರಿಟ್ಟು ತಮ್ಮದಾಗಿಸಿಕೊಂಡರು. ತಲೆಮಾರುಗಳ ಕಾಲ ಮಕ್ಕಳು ಇವೆಲ್ಲ ತಮ್ಮ ನೆಲದ ಹಾಡುಗಳೇ ಎಂದು ನಂಬಿ ಬೆಳೆದರು.

ಒಂದು ಕಾಗದ, ಒಂದು ನಾಟಕ

ಬಿವಾ ನುಡಿಸುವ ಕುರುಡನ ಕತೆಯನ್ನು ಲೋಕಕ್ಕೆಲ್ಲ ಹೇಳಿದವನು ಡಬ್ಲಿನ್ನಿನಲ್ಲಿ ಬೆಳೆದ ಲಾಫ್ಕಾಡಿಯೊ ಹರ್ನ್. ತಂದೆ ಐರಿಷ್, ತಾಯಿ ಗ್ರೀಕ್. ಹದಿಹರೆಯದಲ್ಲಿ ಎಡಗಣ್ಣು ಹೋಯಿತು. 1890ರಲ್ಲಿ ಜಪಾನಿಗೆ ಬಂದು, ಅಲ್ಲಿಯ ಹೆಣ್ಣನ್ನು ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಅಲ್ಲಿಯೇ ಮಣ್ಣಾದ. 1904ರಲ್ಲಿ ಬಂದ ಅವನ 'ಕ್ವೈದಾನ್' ಸಂಕಲನದ ಮೊದಲ ಕತೆಯೇ ಕಿವಿಯಿಲ್ಲದ ಹೋಯಿಚಿಯದು. ಕುರುಡ ಹೋಯಿಚಿ ರಾತ್ರಿಯ ಹೊತ್ತು ಯಾರೋ ದೊಡ್ಡವರ ಸಭೆಯಲ್ಲಿ ಬಿವಾ ನುಡಿಸುತ್ತಾನೆ. ಸಭಿಕರು 1185ರ ಕಡಲ ಯುದ್ಧದಲ್ಲಿ ಸತ್ತ ಹೈಕೆ ವಂಶದ ಪ್ರೇತಗಳೆಂದು ಅವನಿಗೆ ತಿಳಿಯದು.

ಹರ್ನ್‌ಗೆ ಪ್ರೇತಗಳ ಕತೆ ಜಪಾನಿನಲ್ಲಿ ಹೊಸದಾಗಿ ಸಿಕ್ಕಿದ್ದಲ್ಲ. ಬಾಲ್ಯದಲ್ಲಿ ತನ್ನನ್ನು ನೋಡಿಕೊಂಡ, ಐರ್ಲೆಂಡಿನ ಪಶ್ಚಿಮದ ಕೊನಾಕ್ಟ್ ಸೀಮೆಯ ದಾದಿ ದೆವ್ವ ಯಕ್ಷಿಣಿಯರ ಕತೆ ಹೇಳುತ್ತಿದ್ದಳೆಂದು ಅವನು 1901ರಲ್ಲಿ ಕವಿ ಡಬ್ಲ್ಯು. ಬಿ. ಯೇಟ್ಸ್‌ಗೆ ಬರೆದ. ಯೇಟ್ಸ್ ತನ್ನ ಒಂದು ಪದ್ಯವನ್ನು ತಿದ್ದಿದ್ದು ಸರಿಯಲ್ಲವೆಂದು ಆಕ್ಷೇಪಿಸುವುದೂ ಆ ಪತ್ರವ್ಯವಹಾರದ ಉದ್ದೇಶವಾಗಿತ್ತು! ಟೋಕಿಯೋದಲ್ಲಿ ಕೂತು ಐರಿಷ್ ಕವಿಯ ಮೇಲೆ ಹೀಗೆ ಹಕ್ಕು ಸ್ಥಾಪಿಸುವ ಧೈರ್ಯ ಅವನಿಗಿತ್ತು.

ಯೇಟ್ಸ್‌ಗೆ ಜಪಾನ್ ಸಿಕ್ಕಿದ್ದು ಬೇರೊಂದು ದಾರಿಯಲ್ಲಿ. 1868ರಲ್ಲಿ ಶೋಗನ್‌ರ ಆಳ್ವಿಕೆ ಮುಗಿದಾಗ ಅವರ ಆಶ್ರಯದಲ್ಲಿದ್ದ ನೋ ನಾಟಕವೂ ಮುಗಿಯುವ ಹಂತಕ್ಕೆ ಬಂದಿತ್ತು. ಹಲವು ನಟರು ಮುಖವಾಡ, ಉಡುಪು ಮಾರಿಕೊಂಡರು. ಟೋಕಿಯೋದಲ್ಲಿ ಹಟ ಹಿಡಿದು ಆಡುತ್ತ ಉಳಿದ ಉಮೆವಾಕಾ ಮಿನೋರು (1828-1909) ಎಂಬ ನಟ ಅದನ್ನು ಬದುಕಿಸಿದವರಲ್ಲಿ ಮುಖ್ಯ. ಅವನ ಬಳಿ ಅಮೆರಿಕದ ವಿದ್ವಾಂಸ ಅರ್ನೆಸ್ಟ್ ಫೆನೊಲೋಸಾ ಪಾಠ ಹೇಳಿಸಿಕೊಂಡು ಟಿಪ್ಪಣಿ ಬರೆದಿಟ್ಟ. ಫೆನೊಲೋಸಾ ಸತ್ತ ಮೇಲೆ ಆ ಕಾಗದಗಳು ಕವಿ ಎಜ್ರಾ ಪೌಂಡ್‌ನ ಕೈಸೇರಿದವು. ಪೌಂಡ್ ಆಗ ಯೇಟ್ಸ್‌ನ ಜೊತೆಗಾರ. ಇಂಗ್ಲೆಂಡಿನ ಹಳ್ಳಿಮನೆಯೊಂದರಲ್ಲಿ ಇಬ್ಬರೂ ಚಳಿಗಾಲ ಕಳೆಯುತ್ತಿದ್ದರು.

ಫಲವಾಗಿ ಬಂದದ್ದು 'ಅಟ್ ದ ಹಾಕ್ಸ್ ವೆಲ್' ಎಂಬ ನಾಟಕ. 1916ರ ಏಪ್ರಿಲ್ 2ರಂದು ಲಂಡನ್ನಿನ ಒಂದು ಶ್ರೀಮಂತ ಮನೆಯ ದಿವಾನಖಾನೆಯಲ್ಲಿ ಅದರ ಮೊದಲ ಪ್ರಯೋಗ. ಒಣಗಿದ ಬಾವಿ. ಅದರಲ್ಲಿ ಎಂದೋ ಒಮ್ಮೆ ಉಕ್ಕುವ ಅಮೃತದಂಥ ನೀರಿಗಾಗಿ ಐವತ್ತು ವರ್ಷ ಕಾದ ಮುದುಕ. ಅದೇ ನೀರಿಗೆ ಬಂದ ತರುಣ ಕುಹೂಲಿನ್, ಐರಿಷ್ ಪುರಾಣದ ವೀರ. ಬಾವಿ ಕಾಯುವ ಹೆಣ್ಣಿನ ಮೈಮೇಲೆ ಗಿಡುಗ ಬಂದು ಕುಣಿಯುತ್ತದೆ; ಮುದುಕ ನಿದ್ದೆಹೋಗುತ್ತಾನೆ, ತರುಣ ಕುಣಿತದ ಹಿಂದೆ ಹೋಗುತ್ತಾನೆ; ನೀರು ಬಂದು ಇಂಗಿಹೋಗುತ್ತದೆ. ಗಿಡುಗವಾಗಿ ಕುಣಿದವನು ಇತೊ ಮಿಚಿಯೊ ಎಂಬ ಜಪಾನಿ ತರುಣ. ಅವನು ನೃತ್ಯ ಕಲಿತದ್ದು ಜರ್ಮನಿಯಲ್ಲಿ. ಸ್ವದೇಶದ ನೋ ನಾಟಕದಲ್ಲಿ ಮೊದಲಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ.

ಸಂಗೀತ ಯಾರದು? ಮುಖವಾಡ, ಉಡುಪು ಮಾಡಿದ ಚಿತ್ರಕಾರ ಎಡ್ಮಂಡ್ ಡ್ಯುಲಾಕ್‌ನದೇ. ಬಿದಿರಿನ ಕೊಳಲು, ಹಾರ್ಪ್, ಡೋಲು, ಜಾಗಟೆ. ಹೆಸರು ಓದಿದರೆ ಜಪಾನ್-ಐರ್ಲೆಂಡ್‌ಗಳ ಜುಗಲ್‌ಬಂದಿಯೇ. ಆದರೆ ಅಲ್ಲಿ ನೋ ಸಂಗೀತಗಾರರು ಇರಲಿಲ್ಲ, ಐರಿಷ್ ಹಾರ್ಪಿನ ಪರಂಪರೆಯವರೂ ಇರಲಿಲ್ಲ. ಎರಡು ದೇಶಗಳೂ ಕಲ್ಪನೆಯಲ್ಲಿ ಮಾತ್ರ ಸೇರಿದವು. ಮೂರೇ ವಾರಗಳಲ್ಲಿ ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ಎದ್ದಿತು. ದಿವಾನಖಾನೆಯ ನಾಟಕವನ್ನು ಅಂದು ಎಷ್ಟು ಮಂದಿ ನೆನಪಿಟ್ಟುಕೊಂಡಾರು?

ಯೇಟ್ಸ್‌ನ ಬಳಗದಲ್ಲಿ ಬೆಳೆದ ಇನ್ನೊಬ್ಬ ಐರಿಷ್ ಕವಿ ಕನ್ನಡಿಗರಿಗೆ ಅಪರಿಚಿತರಲ್ಲ. ಮಾರ್ಗರೆಟ್ ಅವರ ಪತಿ ಜೇಮ್ಸ್ ಕಸಿನ್ಸ್ 1919-20ರಲ್ಲಿ ಟೋಕಿಯೋದ ಕೇಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಾವ್ಯದ ಪ್ರಾಧ್ಯಾಪಕರಾಗಿದ್ದರು. ಅದಾದ ನಾಲ್ಕು ವರ್ಷಕ್ಕೆ ಮೈಸೂರಿನಲ್ಲಿ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದಾಗ, ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಹೇಳಿ ಕಳಿಸಿದವರು ಅವರೇ. ತನ್ನ ಭಾಷೆಯನ್ನು ಬಹುಪಾಲು ಕಳೆದುಕೊಂಡ ನಾಡಿನವರು ಹೇಳಿದ ಮಾತು ಅದು ಎಂಬುದನ್ನು ಗಮನಿಸಬೇಕು.

ಬೆರೆಸದೆ ಕೂರಿಸುವುದು

ಯೇಟ್ಸ್‌ನ ನಾಟಕ ಮುಂದೆ ತವರಿಗೆ ಮರಳಿತು. ತವರು ಎಂದರೆ ಇಲ್ಲಿ ಜಪಾನ್. ವಿದ್ವಾಂಸ ಯೊಕೊಮಿಚಿ ಮಾರಿಯೊ 1949ರಲ್ಲಿ ಅದನ್ನು ನೋ ನಾಟಕವಾಗಿ ಬರೆದರು. 1967ರಲ್ಲಿ ಪೂರ್ತಿ ಬದಲಿಸಿ 'ತಾಕಾಹಿಮೆ', ಅಂದರೆ ಗಿಡುಗ ರಾಜಕುಮಾರಿ ಎಂಬ ಹೊಸ ರೂಪ ಕೊಟ್ಟರು. ಕುಹೂಲಿನ್ ಈಗ ಜಪಾನಿ ನಟರ ಮೈಯಲ್ಲಿ, ನೋ ಸಂಗೀತದ ನಡುವೆ.

ಅದೇ 1967ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತಾಕೆಮಿತ್ಸು ತೋರು ಅವರ 'ನವೆಂಬರ್ ಸ್ಟೆಪ್ಸ್' ಕೃತಿ ಮೊದಲ ಸಲ ನುಡಿಯಿತು. ಬಿವಾದಲ್ಲಿ ತ್ಸುರುತಾ ಕಿನ್ಶಿ, ಶಾಕುಹಾಚಿಯಲ್ಲಿ ಯೊಕೊಯಾಮಾ ಕಾತ್ಸುಯಾ, ಎದುರಿಗೆ ಪಾಶ್ಚಾತ್ಯ ವಾದ್ಯವೃಂದ. ಎರಡನ್ನೂ ಹದವಾಗಿ ಬೆರೆಸಬೇಕೆಂಬ ಆಸೆಯನ್ನು ತಾಕೆಮಿತ್ಸು ಕೈಬಿಟ್ಟರು. ವೃಂದ ನುಡಿಯುವಾಗ ಬಿವಾ, ಶಾಕುಹಾಚಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ಅವು ನುಡಿಯುವಾಗ ವೃಂದ ಕೇಳುತ್ತ ಕೂರುತ್ತದೆ. ತ್ಸುರುತಾ ಅವರದು ಸತ್ಸುಮಾ ಬಿವಾದ ಪರಂಪರೆ. 1870ರಲ್ಲಿ ಫೆಂಟನ್ ಜಾಗ ಕೊಡದಿದ್ದ ವಾದ್ಯ ಅದೇ. ಮೂರು ವರ್ಷ ಹಿಂದೆ, 1964ರಲ್ಲಿ, ಕೊಬಾಯಾಶಿ ಮಾಸಾಕಿ ಹರ್ನ್‌ನ ಕತೆಗಳನ್ನು 'ಕ್ವೈದಾನ್' ಚಿತ್ರವಾಗಿ ತೆಗೆದಾಗ ಸಂಗೀತ ತಾಕೆಮಿತ್ಸು ಅವರದು, ಹೋಯಿಚಿಯ ಬಿವಾದ ದನಿ ತ್ಸುರುತಾ ಅವರದು. ತಾಕೆಮಿತ್ಸು ಮುಂದೆ ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕೊನೆಯ ಕಾದಂಬರಿಯ ಪದಗಳನ್ನೇ ತಮ್ಮ ಹಲವು ಕೃತಿಗಳಿಗೆ ಹೆಸರಾಗಿ ಇಟ್ಟರು.

ಐರ್ಲೆಂಡಿನಲ್ಲೂ ಗಾಳಿ ತಿರುಗಿದ್ದು 1960ರ ದಶಕದಲ್ಲೇ. ಶಾನ್ ಓ ರೀಡಾ ಎಂಬ ಸಂಯೋಜಕ ಹಳ್ಳಿಯ ವಾದಕರನ್ನು ಒಟ್ಟುಗೂಡಿಸಿ, ಆಡಿನ ಚರ್ಮದ ತಮಟೆಯಂಥ ಬೌರಾನ್‌ಗೆ ಕಛೇರಿಯಲ್ಲಿ ಮರ್ಯಾದೆ ತಂದುಕೊಟ್ಟರು. ಅವರ ಜೊತೆಗಿದ್ದ ಪೈಪ್ ವಾದಕ ಪ್ಯಾಡಿ ಮಲೋನಿ 1962ರಲ್ಲಿ ಕಟ್ಟಿದ 'ದ ಚೀಫ್‌ಟನ್ಸ್' ತಂಡ ಲೋಕ ಸುತ್ತಿತು. ಇಲ್ಲನ್ ಪೈಪಿನ ಹೆಸರು ಐರಿಷ್ ಭಾಷೆಯಲ್ಲಿ ಮೊಣಕೈ ಎಂಬ ಮಾತಿನಿಂದ ಬಂದದ್ದು. ಒಂದು ಮೊಣಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದರಲ್ಲಿ ಗಾಳಿಚೀಲ ಅದುಮುತ್ತ, ಬೆರಳಲ್ಲಿ ಧಾಟಿ ನುಡಿಸಬೇಕು. ಹಿಂದೆ ಒಂದೇ ಸಮನೆ ನಮ್ಮ ಶ್ರುತಿಪೆಟ್ಟಿಗೆಯಂತೆ ಷಡ್ಜ ಮೊರೆಯುತ್ತಿರುತ್ತದೆ. 1968ರಲ್ಲಿ ಪೈಪ್ ವಾದಕರು ಸಂಘ ಕಟ್ಟಿಕೊಂಡಾಗ ಅದನ್ನು ನುಡಿಸಬಲ್ಲವರು ನೂರು ಮಂದಿಯೂ ಉಳಿದಿರಲಿಲ್ಲ. 2017ರಲ್ಲಿ ಯುನೆಸ್ಕೋ ಈ ವಾದನವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು, 2019ರಲ್ಲಿ ಹಾರ್ಪನ್ನು.

ಹೀಗೆ ಬದುಕಿ ಉಳಿದ ಎರಡೂ ಕಡೆಯವರು ನೇರವಾಗಿ ಕೂಡಿ ನುಡಿಸತೊಡಗಿದ್ದು ಇತ್ತೀಚೆಗೆ, 1990ರ ದಶಕದಿಂದ ಈಚೆಗೆ ಹೆಚ್ಚಾಗಿ. ಆ ದಶಕದ ಆರಂಭದಲ್ಲಿ ಐರ್ಲೆಂಡಿನ ಪೋಲ್ ಬ್ರೆನನ್, ಜಪಾನಿನ ತೈಕೊ ವಾದಕ ಹಿರೋತಾ ಜೋಜಿ ಮತ್ತು ಚೀನಾದ ಬಿದಿರು ಕೊಳಲಿನ ಗುವೊ ಯುವೆ ಮೂವರೂ 'ತ್ರೀಸನ್' ಎಂಬ ಧ್ವನಿಮುದ್ರಿಕೆ ತಂದರು. ಚೀಫ್‌ಟನ್ಸ್ ತಂಡ 1999ರಲ್ಲಿ ಜಪಾನಿನ ಗಾಯಕಿ ಯಾನೊ ಅಕಿಕೊ ಅವರಿಂದ ಹಾಡಿಸಿದ ಹಾಡು ಐರಿಷ್ ಕುಡುಕರ ಒಂದು ಪ್ರಸಿದ್ಧ ಪದದ ತಮಾಷೆಯ ಅವತಾರ. ಜಾಡಿಯಲ್ಲಿದ್ದ ವಿಸ್ಕಿಯ ಜಾಗದಲ್ಲಿ ಅಕ್ಕಿಯ ಮದ್ಯ ಸಾಕೆ.

ಇದೆಲ್ಲ ಸ್ಟುಡಿಯೋಗಳ ಮಾತು. ಅದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟುವುದು ಕೋಬೆ ನಗರದಲ್ಲಿ ನಡೆದದ್ದು. 1995ರ ಜನವರಿ 17ರ ಭೂಕಂಪದಲ್ಲಿ ಅಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಸೋಲ್ ಫ್ಲವರ್ ಯೂನಿಯನ್ ಎಂಬ ರಾಕ್ ತಂಡ ನಿರಾಶ್ರಿತರ ಶಿಬಿರಗಳಿಗೆ ಹೊರಟಿತು. ವಿದ್ಯುತ್ ಇಲ್ಲದೆ ಗಿಟಾರು ಸದ್ದು ಮಾಡದು. ತಂಡದವರು ಒಕಿನಾವಾ ದ್ವೀಪದ ಮೂರು ತಂತಿಯ ಸಾನ್‌ಶಿನ್ ಮತ್ತು ಬೀದಿ ಜಾಹೀರಾತಿನವರು ಬಾರಿಸುವ ಚಿಂದೋನ್ ಡೋಲು ಎತ್ತಿಕೊಂಡರು. ಮುದುಕರಿಗೆ ಗೊತ್ತಿದ್ದ ಹಳೆಯ ಹಾಡುಗಳನ್ನು ಹಾಡಿದರು. ಒಕಿನಾವಾದ ಸ್ವರಕ್ರಮ ನಮಗೆ ಪರಕೀಯವಲ್ಲ. ದೇವರ ಉತ್ಸವ ಹೊರಡುವಾಗ ನಾಗಸ್ವರದ ಮಲ್ಲಾರಿಯಲ್ಲಿ ಕೇಳುವ ಗಂಭೀರನಾಟದ ಸ್ವರಗಳೇ ಅವು. ಈ ತಂಡದ ಜೊತೆ ಮುಂದಿನ ವರ್ಷಗಳಲ್ಲಿ ಕೂಡಿಕೊಂಡವರು ಐರಿಷ್ ಜನಪದ ಸಂಗೀತದ ಹಿರಿಯ ಡೋನಲ್ ಲನ್ನಿ. ಲನ್ನಿ ನುಡಿಸುವ ಬುಜೂಕಿ ಕೂಡ ಗ್ರೀಸಿನಿಂದ 1960ರ ದಶಕದಲ್ಲಷ್ಟೇ ಐರ್ಲೆಂಡಿಗೆ ಬಂದದ್ದು. ಸಾನ್‌ಶಿನ್‌ನ ಮೂಲ ಚೀನಾದಲ್ಲಿ. ಅದೇ 16ನೇ ಶತಮಾನದಲ್ಲಿ ಜಪಾನಿನ ಮುಖ್ಯಭೂಮಿಗೆ ಹೋಗಿ ಶಾಮಿಸೆನ್ ಆಯಿತು. ಶುದ್ಧ, ಅಪ್ಪಟ ಎಂಬ ಮಾತುಗಳನ್ನು ಈ ವಾದ್ಯಗಳ ಬಗ್ಗೆ ಸ್ವಲ್ಪ ನೋಡಿಕೊಂಡು ಬಳಸುವುದು ಮೇಲು.

ಕೂಡಿ ನುಡಿಸಿದವರಿಗೆ ಎದುರಾದ ದೊಡ್ಡ ತೊಡಕು ಸ್ವರದ್ದಲ್ಲ, ಕಾಲದ್ದು. ಐರಿಷ್ ಸಂಗೀತದ ಬಹುಪಾಲು ಕುಣಿತಕ್ಕೆ ಹುಟ್ಟಿದ್ದು. ರೀಲ್, ಜಿಗ್ ಎಂದರೆ ತಾಳ ಒಂದಿಷ್ಟೂ ಜಾರುವಂತಿಲ್ಲ. ಸನ್ಯಾಸಿಗಳ ಶಾಕುಹಾಚಿಗೆ ತಾಳವೇ ಇಲ್ಲ. ಒಂದು ಉಸಿರಿನಷ್ಟು ಸ್ವರ, ಆಮೇಲೆ ಮೌನ. ಆ ನಡುವಿನ ಬಿಡುವನ್ನು ಜಪಾನೀಯರು 'ಮಾ' ಎನ್ನುತ್ತಾರೆ. ಅದನ್ನು ಬೌರಾನ್ ತುಂಬಿಬಿಟ್ಟರೆ ಶಾಕುಹಾಚಿ ಸತ್ತಂತೆ.

ದಾರಿ ಸಿಕ್ಕಿದ್ದು ಐರಿಷರ ಇನ್ನೊಂದು ಸಂಪತ್ತಿನಲ್ಲಿ. ಗೇಲಿಕ್ ಭಾಷೆಯ ಹಳೆಯ ವಿಷಾದದ ಹಾಡುಗಳ ಧಾಟಿಗಳನ್ನು ವಾದ್ಯದಲ್ಲಿ ತಾಳವಿಲ್ಲದೆ, ಮಾತಿನ ಓಟವನ್ನಷ್ಟೇ ಹಿಡಿದು ನುಡಿಸುತ್ತಾರೆ. ನಮ್ಮ ಆಲಾಪನೆಗೆ ಹತ್ತಿರದ್ದು. ಅಲ್ಲಿ ಪೈಪೂ ಶಾಕುಹಾಚಿಯೂ ಒಂದನ್ನೊಂದು ಕಾಯಬಹುದು. ಇಬ್ಬರೂ ಸ್ವರವನ್ನು ನೇರ ಹಿಡಿಯುವುದಿಲ್ಲ, ಜಾರಿಸಿ ಬಾಗಿಸಿ ತಲುಪುತ್ತಾರೆ. ವೇಗವೇ ಬೇಕೆಂದರೆ ಜೋಡಿ ಬೇರೆ. ಜಪಾನಿನ ಉತ್ತರದ ಹಿಮದ ಸೀಮೆ ತ್ಸುಗಾರುವಿನ ಶಾಮಿಸೆನ್ ಚರ್ಮಕ್ಕೇ ಹೊಡೆಯುವಂತೆ ಮೀಟುವ ವಾದ್ಯ. ಮನೆ ಮನೆ ತಿರುಗಿ ಭಿಕ್ಷೆ ಎತ್ತುತ್ತಿದ್ದ ಕುರುಡರದ್ದೇ ಅದೂ. ತಾಕಾಹಾಶಿ ಚಿಕುಝಾನ್ (1910-1998) ಅವರ ಕೊನೆಯ ದೊಡ್ಡ ಕೊಂಡಿ. ಆ ಓಟಕ್ಕೆ ರೀಲ್ ಜೊತೆ ಹೆಜ್ಜೆ ಹಾಕುವುದು ಕಷ್ಟವಲ್ಲ.

ಟೋಕಿಯೋ, ಕ್ಯೋಟೋಗಳ ಪಬ್ಬುಗಳಲ್ಲಿ ಸಂಜೆ ಸುತ್ತ ಕೂತು ಐರಿಷ್ ಧಾಟಿ ನುಡಿಸುವ ಜಪಾನಿ ತರುಣರು ಈಗ ಸಾಕಷ್ಟು ಮಂದಿ. ಅಂಥ ಒಂದು ತಂಡದ ಹೆಸರು 'ಓಜಿಜೋ'. ಓಬ್ರಯನ್, ಓಕಾನರ್ ಎಂಬಂಥ ಐರಿಷ್ ಮನೆತನದ ಹೆಸರೂ ಹೌದು, ಜಪಾನಿನ ದಾರಿಬದಿಯ ಕಲ್ಲಿನ ಬೋಧಿಸತ್ವನನ್ನು ಜನ ಕರೆಯುವ ಹೆಸರೂ ಹೌದು.

ಎರಡು ದೇಶಗಳ ರಾಜತಾಂತ್ರಿಕ ಸಂಬಂಧಕ್ಕೆ 2017ರಲ್ಲಿ 60 ವರ್ಷ ತುಂಬಿತು. ಆ ನೆಪದಲ್ಲಿ ಫೆಬ್ರುವರಿ 16ರಂದು ಟೋಕಿಯೋದ ಶಿಬುಯಾದಲ್ಲಿರುವ ಆರ್ಚರ್ಡ್ ಹಾಲಿನಲ್ಲಿ 'ತಾಕಾಹಿಮೆ' ಆಡಿದರು. ಹಾಡಿದ್ದು ಡಬ್ಲಿನ್ನಿನ ಆನೂನಾ ಗಾಯಕವೃಂದ. 1987ರಲ್ಲಿ ಮೈಕಲ್ ಮೆಗ್ಲಿನ್ ಕಟ್ಟಿದ ಈ ವೃಂದ ಮಧ್ಯಯುಗದ ಐರಿಷ್ ಗಾಯನದಿಂದ ಸ್ಫೂರ್ತಿ ಪಡೆದದ್ದು. ಜೊತೆಗೆ ನೋ ಕೊಳಲು, ಹೆಗಲ ಮೇಲಿನ ಸಣ್ಣ ಡೋಲು, ತೊಡೆಯ ಮೇಲಿನ ದೊಡ್ಡ ಡೋಲು. ಇವುಗಳ ಶ್ರುತಿಯ ವಿಷಯ ಕೇಳಿದರೆ ಮದ್ದಲೆಗಾರರು ನಕ್ಕಾರು: ಸಣ್ಣ ಡೋಲಿನ ಚರ್ಮ ತೇವವಿರಬೇಕು, ವಾದಕ ನಡುನಡುವೆ ಬಾಯಿಂದ ಉಸಿರು ಬಿಡುತ್ತಾನೆ, ದೊಡ್ಡದರದು ಒಣಗಿರಬೇಕು, ಆಟಕ್ಕೆ ಮುಂಚೆ ಕೆಂಡದ ಕಾವಿಗೆ ಹಿಡಿಯುತ್ತಾರೆ. ನೋ ಕೊಳಲಿನ ಒಳಗೆ ಬೇಕೆಂದೇ ಒಂದು ಕಿರಿದಾದ ನಳಿಗೆ ಸೇರಿಸಿ ಸ್ಥಾಯಿಯ ಲೆಕ್ಕ ತಪ್ಪಿಸಿರುತ್ತಾರೆ. ಯಾವ ಗಾಯಕವೃಂದದ ಶ್ರುತಿಗೂ ಅದು ಸೇರುವ ಮಾತಿಲ್ಲ.

ಅಂದು ನೋ ತಂಡದ ಮುಂದಾಳಾಗಿದ್ದವರು ಉಮೆವಾಕಾ ಗೆನ್‌ಶೋ. ಫೆನೊಲೋಸಾಗೆ ಪಾಠ ಹೇಳಿದ, ಆ ಟಿಪ್ಪಣಿಗಳ ಮೂಲಕ ಪೌಂಡ್‌ಗೂ ಯೇಟ್ಸ್‌ಗೂ ತಿಳಿಯದೆಯೇ ಗುರುವಾದ ಉಮೆವಾಕಾ ಮಿನೋರುವಿನ ವಂಶದವರು. ಮರುವರ್ಷ ಅವರು ಆ ಹಿರಿಯನ ಹೆಸರನ್ನೇ ತಮ್ಮ ಹೆಸರಾಗಿ ಧರಿಸಿದರು.